ಒಂದೆಡೆ ಬಿತ್ತನೆ, ಇನ್ನೊಂದೆಡೆ ನಾಶ: ಹೊರಗಿನ ಮೀನು ನದಿಯ ಮೀನಿಗೆ ಮಾಡುವುದೇನು?

ಜಲಾಶಯಗಳು ತುಂಬುವ ಹೊತ್ತಿಗೆ ಮೀನಿನ ಬಗ್ಗೆ ಮೂರು ಥರದ ಸುದ್ದಿಗಳು ಒಟ್ಟೊಟ್ಟಿಗೆ ಬರುತ್ತವೆ. ಲಕ್ಷಾಂತರ ಮೀನುಮರಿಗಳನ್ನು ಜಲಾಶಯಕ್ಕೆ ಬಿಡಲಾಯಿತು ಎಂಬುದು ಒಂದು. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುತ್ತಿದ್ದ ಹೊಂಡಗಳ ಮೇಲೆ ದಾಳಿ ಮಾಡಿ ಮೀನನ್ನೆಲ್ಲ ಹೂಳಲಾಯಿತು ಎಂಬುದು ಇನ್ನೊಂದು. ನದಿಯಲ್ಲಿ ಬಲೆ ಎಳೆದಾಗ ಮೈತುಂಬ ಮೂಳೆಯ ಕವಚ ಹೊತ್ತ, ಯಾರೂ ಕಂಡರಿಯದ ಮೀನು ಸಿಕ್ಕಿತು ಎಂಬುದು ಮೂರನೆಯದು. ಓದುವವರಿಗೆ ಗೊಂದಲವಾಗುವುದು ಸಹಜ. ಬಿಡುತ್ತಿರುವ ಮರಿಗಳಲ್ಲೂ ಹೊರದೇಶದ ತಳಿಗಳಿವೆ, ನಾಶ ಮಾಡುತ್ತಿರುವುದೂ ಹೊರದೇಶದ್ದೇ. ಹಾಗಾದರೆ ಯಾವುದು ಸರಿ?

ಗೊಂದಲ ಇಷ್ಟಕ್ಕೇ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಎಂಟು ಮೀನುಗಳಿವೆ. ಅವುಗಳಲ್ಲಿ ಮೊಜಾಂಬಿಕ್ ತಿಲಾಪಿಯಾ ಒಂದು, ಸಾಮಾನ್ಯ ಗೆಂಡೆ ಇನ್ನೊಂದು. ಅದೇ ಒಕ್ಕೂಟದ ಕೆಂಪು ಪಟ್ಟಿಯನ್ನು ತೆರೆದರೆ ಈ ಎರಡೂ ಮೀನುಗಳು ತಮ್ಮ ತವರಿನಲ್ಲಿ ಅಪಾಯಕ್ಕೆ ಸಿಲುಕಿವೆ ಎಂದು ಬರೆದಿದೆ. ತಿಲಾಪಿಯಾಕ್ಕೆ ತವರಿನಲ್ಲಿ ಬಂದಿರುವ ಅಪಾಯಕ್ಕೆ ಮುಖ್ಯ ಕಾರಣ ಇನ್ನೊಂದು ಹೊರಗಿನ ಮೀನು. ನೈಲ್ ತಿಲಾಪಿಯಾವನ್ನು ಆಫ್ರಿಕಾದ ದಕ್ಷಿಣದ ನದಿಗಳಿಗೆ ತಂದ ಮೇಲೆ ಅದು ಮೊಜಾಂಬಿಕ್ ತಿಲಾಪಿಯಾದೊಡನೆ ಕೂಡಿ, ಶುದ್ಧ ತಳಿಯೇ ಕರಗುತ್ತಿದೆ.

ಅಂದರೆ ಮೀನು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಮೀನು, ಯಾವ ನೀರಿನಲ್ಲಿ, ಅಲ್ಲಿ ಮೊದಲೇ ಯಾರಿದ್ದಾರೆ ಎಂಬ ಮೂರನ್ನೂ ಸೇರಿಸಿಯೇ ಕೇಳಬೇಕು.

ಗಡಿ ದೇಶದ್ದಲ್ಲ, ನದಿಯದ್ದು

ಸಿಹಿನೀರಿನ ಮೀನಿಗೆ ದೇಶದ ಗಡಿ ಗೊತ್ತಿಲ್ಲ, ನದಿಯ ಜಲಾನಯನ ಪ್ರದೇಶದ ಗಡಿ ಮಾತ್ರ ಗೊತ್ತು. ಒಂದು ನದಿಗೂ ಪಕ್ಕದ ನದಿಗೂ ನಡುವೆ ಒಂದು ಬೆಟ್ಟಸಾಲು ಇದ್ದರೆ ಸಾಕು, ಎರಡರ ಮೀನುಗಳು ಲಕ್ಷಾಂತರ ವರ್ಷ ಬೇರೆಬೇರೆಯಾಗಿಯೇ ಬೆಳೆದಿರುತ್ತವೆ. ಭೂಮಿಯ ಮೇಲ್ಮೈಯಲ್ಲಿ ಸಿಹಿನೀರು ಆವರಿಸಿರುವುದು ಶೇ 1ರಷ್ಟು ಜಾಗವನ್ನು. ಆದರೂ ಜಗತ್ತಿನ ಮೀನು ಪ್ರಭೇದಗಳಲ್ಲಿ ಸುಮಾರು ಅರ್ಧದಷ್ಟು ಅಲ್ಲೇ ಇವೆ. ಇಷ್ಟು ವೈವಿಧ್ಯ ಹುಟ್ಟಿದ್ದೇ ಈ ಪ್ರತ್ಯೇಕತೆಯಿಂದ. ಅಪಾಯ ಬಂದಾಗ ಓಡಿಹೋಗಲು ಬೇರೆ ಜಾಗವಿಲ್ಲದಿರುವುದಕ್ಕೂ ಅದೇ ಕಾರಣ.

ಆದ್ದರಿಂದ ಒಂದೇ ದೇಶದೊಳಗೆ ಒಂದು ನದಿಯಿಂದ ಇನ್ನೊಂದು ನದಿಗೆ ಒಯ್ದ ಮೀನೂ ಹೊರಗಿನದೇ. ‘ದೇಸಿ ತಳಿ’ ಎಂಬ ಹಣೆಪಟ್ಟಿ ಇದನ್ನು ಮರೆಸಿಬಿಡುತ್ತದೆ. ಇದರ ಅತ್ಯಂತ ನೋವಿನ ಉದಾಹರಣೆ ಕಾವೇರಿಯಲ್ಲಿದೆ. ಅದನ್ನು ಮುಂದೆ ನೋಡೋಣ.

ಇನ್ನೊಂದು ವ್ಯತ್ಯಾಸವನ್ನೂ ಇಲ್ಲೇ ತಿಳಿದುಕೊಳ್ಳಬೇಕು. ಹೊರಗಿನಿಂದ ಬಂದ ಮೀನೆಲ್ಲ ಆಕ್ರಮಣಕಾರಿ ಆಗುವುದಿಲ್ಲ. ಕೆಲವು ಬದುಕುವುದೇ ಇಲ್ಲ. ಕೆಲವು ಬದುಕಿದರೂ ಸಂತಾನ ಬೆಳೆಸಲಾರವು. ಪ್ರತಿವರ್ಷ ಮರಿ ತಂದು ಬಿಟ್ಟರಷ್ಟೇ ಅವು ಅಲ್ಲಿರುತ್ತವೆ. ಮೂರನೆಯ ಗುಂಪು ತಾನಾಗಿ ಮೊಟ್ಟೆಯಿಟ್ಟು, ಬಿಟ್ಟ ಜಾಗದಿಂದಾಚೆಗೂ ಹಬ್ಬುತ್ತದೆ. ಹಾನಿ ಹೆಚ್ಚಾಗಿ ಬರುವುದು ಈ ಮೂರನೆಯ ಗುಂಪಿನಿಂದ. ಯಾವ ಮೀನು ಯಾವ ಗುಂಪಿಗೆ ಸೇರುತ್ತದೆ ಎಂಬುದು ಬಿಟ್ಟ ಎಷ್ಟೋ ವರ್ಷಗಳ ನಂತರವಷ್ಟೇ ತಿಳಿಯಬಹುದು. ತೊಡಕಿರುವುದು ಅಲ್ಲೇ.

ಯಾಕೆ ತಂದರು?

ಬಹುಪಾಲು ಮೀನುಗಳನ್ನು ಒಳ್ಳೆಯ ಉದ್ದೇಶದಿಂದಲೇ ತಂದರು. ನ್ಯೂಜಿಲೆಂಡಿಗೆ 1867ರಲ್ಲಿ ಬ್ರೌನ್ ಟ್ರೌಟ್ ಬಂದದ್ದು ಗಾಳ ಹಾಕುವ ಹವ್ಯಾಸಕ್ಕೆ. ಭಾರತಕ್ಕೆ 1928ರಲ್ಲಿ ಗ್ಯಾಂಬೂಸಿಯಾ ಬಂದದ್ದು ಸೊಳ್ಳೆಯ ಮರಿಗಳನ್ನು ತಿನ್ನಿಸಲು. 1952ರಲ್ಲಿ ಮೊಜಾಂಬಿಕ್ ತಿಲಾಪಿಯಾ, 1959ರಲ್ಲಿ ಬೆಳ್ಳಿ ಗೆಂಡೆ ಮತ್ತು ಹುಲ್ಲು ಗೆಂಡೆ ಬಂದದ್ದು ಅಗ್ಗದ ಪ್ರೋಟೀನಿಗೆ. ಅಕ್ವೇರಿಯಂ ವ್ಯಾಪಾರ ಸೇರಿಕೊಂಡದ್ದು ಆಮೇಲೆ. ಸಾಕಿದವರಿಗೆ ಬೇಸರವಾಗಿ ಕೆರೆಗೆ ಬಿಟ್ಟ ಮೀನು ಒಂದು ಕಡೆಯಾದರೆ, ನೆರೆ ಬಂದು ಹೊಂಡದ ಏರಿ ದಾಟಿ ಹೋದದ್ದು ಇನ್ನೊಂದು ಕಡೆ. ಕೇರಳದಲ್ಲಿ 2018ರ ಪ್ರವಾಹದ ಬಳಿಕ ನದಿಗಳಲ್ಲಿ ಅಮೆಜಾನಿನ ಅರಪೈಮಾ ಸಿಕ್ಕಿದ್ದು ಹೀಗೆ.

ಹಾನಿ ನಡೆಯುವ ಬಗೆ

ತಿಂದು ಮುಗಿಸುವುದು ಎಲ್ಲರಿಗೂ ಕಾಣುವ ದಾರಿ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 500ಕ್ಕೂ ಹೆಚ್ಚು ಬಗೆಯ ಸಣ್ಣ ಸಿಕ್ಲಿಡ್ ಮೀನುಗಳಿದ್ದವು. ಬೇರೆಲ್ಲೂ ಇಲ್ಲದವು. 1950ರ ದಶಕದಿಂದ 1960ರ ದಶಕದ ಆರಂಭದವರೆಗೆ ಅಲ್ಲಿಗೆ ನೈಲ್ ಪರ್ಚ್ ಎಂಬ ಬೇಟೆಗಾರ ಮೀನನ್ನು ಬಿಟ್ಟರು. ಎರಡು ಮೀಟರಿನವರೆಗೆ ಬೆಳೆಯಬಲ್ಲ ಮೀನು ಅದು. ಎರಡು ದಶಕ ಏನೂ ಆಗಲಿಲ್ಲ ಎನ್ನುವಂತೆಯೇ ಇತ್ತು. 1980ರ ದಶಕದಲ್ಲಿ ಪರ್ಚ್ ಸಂಖ್ಯೆ ಒಮ್ಮೆಲೇ ಸ್ಫೋಟಿಸಿತು. ಕೆಲವೇ ವರ್ಷಗಳಲ್ಲಿ ಸುಮಾರು 200 ಸಿಕ್ಲಿಡ್ ಪ್ರಭೇದಗಳು ಕಣ್ಮರೆಯಾದವು ಎಂಬುದು ವಿಜ್ಞಾನಿಗಳ ಅಂದಾಜು. ಆ ಎರಡು ದಶಕಗಳ ಮೌನವನ್ನು ಗಮನದಲ್ಲಿಡಬೇಕು. ‘ಬಿಟ್ಟು ಹತ್ತು ವರ್ಷವಾಯಿತು, ಏನೂ ಆಗಿಲ್ಲವಲ್ಲ’ ಎಂಬ ವಾದಕ್ಕೆ ವಿಕ್ಟೋರಿಯಾದ ಉತ್ತರ ಅದು.

ಬೇಟೆ ಎಂದರೆ ದೊಡ್ಡ ಬಾಯಿಯೇ ಬೇಕೆಂದಿಲ್ಲ. ಗ್ಯಾಂಬೂಸಿಯಾ ಹೆಣ್ಣು ಆರು ಸೆಂಟಿಮೀಟರ್ ಮೀರುವುದಿಲ್ಲ. ಮೊಟ್ಟೆಯಿಡದೆ ನೇರ ಮರಿ ಹಾಕುತ್ತದೆ. ಬೆಚ್ಚಗಿನ ನೀರಿನಲ್ಲಿ ಸುಮಾರು ನಾಲ್ಕು ವಾರಕ್ಕೊಂದು ಸೂಲು. ಇದು ಇತರ ಮೀನುಗಳ ಮೊಟ್ಟೆ, ಎಳೆಮರಿ, ಕಪ್ಪೆಯ ಗೊದಮೊಟ್ಟೆಗಳನ್ನು ತಿನ್ನುತ್ತದೆ. ತನಗಿಂತ ದೊಡ್ಡ ಮೀನುಗಳ ಬಾಲ, ಈಜುರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಹರಿದ ರೆಕ್ಕೆಯ ಮೀನು ಸರಿಯಾಗಿ ಈಜಲಾರದು, ಗಾಯಕ್ಕೆ ಸೋಂಕು ತಗಲುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕೆಲವೇ ಸೆಂಟಿಮೀಟರ್ ಆಳದ ಒರತೆಗಳಲ್ಲಿ ಬದುಕುವ ಕೆಂಪುರೆಕ್ಕೆಯ ಬ್ಲೂ-ಐ ಎಂಬ ಪುಟ್ಟ ಮೀನು ಅಳಿವಿನಂಚಿಗೆ ಬಂದಿರುವುದು ಗ್ಯಾಂಬೂಸಿಯಾ ಒಂದೊಂದೇ ಒರತೆಗೆ ನುಗ್ಗಿದ್ದರಿಂದ. ಸೊಳ್ಳೆ ಮರಿ ತಿನ್ನುವ ಕೆಲಸವನ್ನು ಅನೇಕ ಕಡೆ ಸ್ಥಳೀಯ ಸಣ್ಣ ಮೀನುಗಳು ಅಷ್ಟೇ ಚೆನ್ನಾಗಿ ಮಾಡಬಲ್ಲವು. ಹಾಗಿದ್ದೂ ಗ್ಯಾಂಬೂಸಿಯಾವನ್ನು ಹೊಂಡ, ಕಾಲುವೆಗಳಿಗೆ ಬಿಡುವುದು ನಿಂತಿಲ್ಲ. ಇದು ನಿಜಕ್ಕೂ ಬೇಸರದ ವಿಷಯ.

ಎರಡನೆಯ ದಾರಿ ಮನೆ ಕೆಡಿಸುವುದು. ಸಾಮಾನ್ಯ ಗೆಂಡೆ ಯಾರನ್ನೂ ಬೇಟೆಯಾಡುವುದಿಲ್ಲ. ಅದು ಮೇಯುವ ರೀತಿಯನ್ನು ನೋಡಬೇಕು. ತುಟಿಗಳನ್ನು ಕೊಳವೆಯಂತೆ ಮುಂದಕ್ಕೆ ಚಾಚಿ ಕೆಸರಿನೊಳಗೆ ಇಳಿಸುತ್ತದೆ. ಒಂದು ಗುಟುಕು ಕೆಸರನ್ನು ಹೀರಿ, ಬಾಯೊಳಗೇ ಹುಳು, ಬೀಜಗಳನ್ನು ಬೇರ್ಪಡಿಸಿ, ಉಳಿದ ಕೆಸರನ್ನು ಉಗುಳುತ್ತದೆ. ಬಾಯಿ ಇಳಿದ ಕಡೆ ಸಣ್ಣ ಕುಳಿ, ಪಕ್ಕದಲ್ಲಿ ಬೇರು ಸಡಿಲಗೊಂಡ ಜಲಸಸ್ಯ. ಒಂದು ಮೀನು ಹೀಗೆ ಮಾಡಿದರೆ ಏನೂ ಆಗದು. ಸಾವಿರಾರು ಮೀನು ದಿನವಿಡೀ ಮಾಡಿದರೆ ನೀರು ಬಗ್ಗಡವಾಗುತ್ತದೆ. ಬಗ್ಗಡದಿಂದ ಬೆಳಕು ತಳಕ್ಕೆ ಇಳಿಯುವುದಿಲ್ಲ. ಬೆಳಕಿಲ್ಲದೆ ಮುಳುಗುಸಸ್ಯಗಳು ಸಾಯುತ್ತವೆ. ತಳದ ರಂಜಕ ನೀರಿಗೆ ಬೆರೆತು ಪಾಚಿ ಹೆಚ್ಚುತ್ತದೆ. ಸಸ್ಯಗಳಿಗೆ ಮೊಟ್ಟೆ ಅಂಟಿಸುವ ಸ್ಥಳೀಯ ಮೀನುಗಳಿಗೆ ಜಾಗವಿಲ್ಲ, ಕಣ್ಣಿನಿಂದ ಬೇಟೆ ಹುಡುಕುವ ಮೀನಿಗೆ ಬೇಟೆ ಕಾಣಿಸದು. ಒಂದು ಕಿಲೋ ತೂಕಕ್ಕೆ ಸುಮಾರು ಒಂದು ಲಕ್ಷ ಮೊಟ್ಟೆಯ ಲೆಕ್ಕದಲ್ಲಿ ಹೆಣ್ಣು ಗೆಂಡೆ ಮೊಟ್ಟೆಯಿಡುತ್ತದೆ. ಆಸ್ಟ್ರೇಲಿಯಾದ ಮರ್ರೆ–ಡಾರ್ಲಿಂಗ್ ನದಿವ್ಯವಸ್ಥೆಯ ಎಷ್ಟೋ ಕಡೆ ಒಟ್ಟು ಮೀನಿನ ತೂಕದಲ್ಲಿ ಶೇ 80ಕ್ಕೂ ಹೆಚ್ಚು ಗೆಂಡೆಯದ್ದೇ ಆಗಿರುವುದು ಇದೇ ಕಾರಣಕ್ಕೆ.

ಬಲೆಗೆ ಬೀಳುವ ಮೂಳೆಕವಚದ ಸಕರ್ ಕ್ಯಾಟ್‌ಫಿಶ್ ಕೂಡ ಈ ಗುಂಪಿನದೇ. ದಕ್ಷಿಣ ಅಮೆರಿಕದ ಈ ಮೀನನ್ನು ಅಕ್ವೇರಿಯಂ ಗಾಜಿನ ಪಾಚಿ ತಿನ್ನಲೆಂದು ಮಾರುತ್ತಾರೆ. ದೊಡ್ಡದಾದ ಮೇಲೆ ಕೆರೆಗೆ ಸೇರುತ್ತದೆ. ಗಂಡು ಮೀನು ದಡದ ಮಣ್ಣಿನಲ್ಲಿ ಸುಮಾರು ಒಂದು ಮೀಟರ್ ಉದ್ದದ ಬಿಲ ಕೊರೆದು ಅದರೊಳಗೆ ಮೊಟ್ಟೆ ಕಾಯುತ್ತದೆ. ಬಿಲಗಳು ಹೆಚ್ಚಿದಂತೆ ದಡ ಕುಸಿಯುತ್ತದೆ. ಮೂಳೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಲೆಯನ್ನು ಕತ್ತರಿಸದೆ ಬಿಡಿಸಲಾಗದು. ಮೆಕ್ಸಿಕೋದ ಇನ್ಫಿಯರ್ನಿಯೊ ಜಲಾಶಯದಲ್ಲಿ ಮೀನುಗಾರಿಕೆಯೇ ನೆಲಕಚ್ಚಿತು. ಬಲೆಯಲ್ಲಿ ಬರುವುದೆಲ್ಲ ಬಹುಪಾಲು ಇದೇ ಆಗಿತ್ತು.

ಮೂರನೆಯದು ಮೇವಿನ ಪೈಪೋಟಿ. ಹಿಮಾಚಲದ ಗೋವಿಂದಸಾಗರ ಜಲಾಶಯಕ್ಕೆ 1971ರಲ್ಲಿ ಪ್ರವಾಹದಿಂದಾಗಿ ಸಾಕಣೆ ಕೇಂದ್ರದ ಬೆಳ್ಳಿ ಗೆಂಡೆ ಆಕಸ್ಮಿಕವಾಗಿ ಸೇರಿತು. ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನೇ ಸೋಸಿ ತಿನ್ನುವ ಮೀನು ಅದು, ಕಾಟ್ಲಾ ಕೂಡ ಮೇಲ್ಪದರದಲ್ಲೇ ಮೇಯುತ್ತದೆ. ತಂಪು ನೀರು ಬೆಳ್ಳಿ ಗೆಂಡೆಗೆ ಒಗ್ಗಿ ಅದು ಅಲ್ಲೇ ಮರಿಮಾಡತೊಡಗಿತು. ಮುಂದಿನ ವರ್ಷಗಳಲ್ಲಿ ಬಲೆಯ ಸಿಂಹಪಾಲು ಅದರದ್ದಾಯಿತು, ಕಾಟ್ಲಾ ಹಿಂದೆ ಸರಿಯಿತು. ಒಟ್ಟು ಇಳುವರಿ ಹೆಚ್ಚಿದ್ದರಿಂದ ಇದನ್ನು ಯಶಸ್ಸೆಂದು ಬಗೆದವರೂ ಇದ್ದಾರೆ. ಟನ್ ಲೆಕ್ಕದಲ್ಲಿ ಅದು ಸರಿ. ಯಾವ ಮೀನು ಉಳಿಯಿತು ಎಂಬ ಲೆಕ್ಕದಲ್ಲಿ ಸರಿಯಲ್ಲ.

ರೋಗದ ದಾರಿ ಕಣ್ಣಿಗೆ ಬೀಳುವುದೇ ಇಲ್ಲ, ಆದ್ದರಿಂದಲೇ ಅದಕ್ಕೆ ಹೆಚ್ಚು ಹೆದರಬೇಕು. ಪೂರ್ವ ಏಷ್ಯಾದ ಟಾಪ್‌ಮೌತ್ ಗಜನ್ ಎಂಬ ಪುಟ್ಟ ಮೀನು 1960ರ ಸುಮಾರಿಗೆ ಸಾಕಣೆಯ ಗೆಂಡೆ ಮರಿಗಳ ನಡುವೆ ಅರಿಯದಂತೆ ಸೇರಿ ಯುರೋಪಿಗೆ ಬಂತು. ಅದರ ಮೈಯಲ್ಲಿ ಒಂದು ಪರೋಪಜೀವಿ ಇತ್ತು. ಗಜನ್‌ಗೆ ಏನೂ ಆಗದು. ಆದರೆ ಯುರೋಪಿನ ಸನ್‌ಬ್ಲೀಕ್ ಮೀನನ್ನು ಗಜನ್ ಇದ್ದ ನೀರಿನಲ್ಲಿ ಬಿಟ್ಟರೆ ಮೊಟ್ಟೆಯಿಡುವುದು ನಿಂತು, ಸಾವು ಹೆಚ್ಚಿತೆಂದು 2005ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ನಾರ್ವೆಯಲ್ಲಿ ಇನ್ನೂ ಸ್ಪಷ್ಟ ಉದಾಹರಣೆ ಇದೆ. 1970ರ ದಶಕದಲ್ಲಿ ಬಾಲ್ಟಿಕ್ ಕಡೆಯ ಸಾಲ್ಮನ್ ಮರಿಗಳ ಜತೆ ಬಂದ ಅರ್ಧ ಮಿಲಿಮೀಟರಿನ ಹುಳುವೊಂದು ಅಲ್ಲಿನ ಸಾಲ್ಮನ್ ಮರಿಗಳ ಚರ್ಮಕ್ಕೆ ಅಂಟಿ ಸುಮಾರು 50 ನದಿಗಳಿಗೆ ಹಬ್ಬಿತು. ಬಾಲ್ಟಿಕ್ ಸಾಲ್ಮನ್ ಆ ಹುಳುವಿನೊಡನೆ ಬಾಳಿ ಬಂದಿತ್ತು, ನಾರ್ವೆಯದಕ್ಕೆ ಅದರ ಪರಿಚಯವೇ ಇರಲಿಲ್ಲ.

ಹಾನಿ ನೀರಿನಾಚೆಗೂ ಹರಿಯುತ್ತದೆ. ಅಮೆರಿಕದ ಯೆಲ್ಲೊಸ್ಟೋನ್ ಸರೋವರದಲ್ಲಿ 1994ರಲ್ಲಿ ಹೊರಗಿನ ಲೇಕ್ ಟ್ರೌಟ್ ಪತ್ತೆಯಾಯಿತು. ಅದು ಅಲ್ಲಿನ ಕಟ್‌ತ್ರೋಟ್ ಟ್ರೌಟ್ ಮೀನನ್ನು ತಿನ್ನುತ್ತದೆ. ಕಟ್‌ತ್ರೋಟ್ ಮೊಟ್ಟೆಯಿಡಲು ತೆಳುನೀರಿನ ತೊರೆಗಳಿಗೆ ಹತ್ತಿ ಬರುತ್ತಿತ್ತು. ಕರಡಿ, ನೀರುನಾಯಿ, ಮೀನುಗಿಡುಗಗಳಿಗೆ ಅದೇ ಆಹಾರ. ಲೇಕ್ ಟ್ರೌಟ್ ಆಳದಲ್ಲೇ ಇದ್ದು ಆಳದಲ್ಲೇ ಮೊಟ್ಟೆಯಿಡುವುದರಿಂದ ಅದು ಇವುಗಳ ಕೈಗೆ ಸಿಗದು. ಸರೋವರದಲ್ಲಿ ಮೀನು ಇದ್ದೂ ಕಾಡಿಗೆ ಮೀನಿಲ್ಲದಂತಾಯಿತು. ಬಲೆ ಹಾಕಿ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್ ತೆಗೆದ ಮೇಲೂ ಆ ಕೆಲಸ ಮುಂದುವರಿದೇ ಇದೆ.

ಕಾವೇರಿಯ ಬಿಳಿಮೀನು

ಕಾವೇರಿಯ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್, ಜಗತ್ತಿನ ಅತಿ ದೊಡ್ಡ ಮಹಶೀರ್‌ಗಳಲ್ಲೊಂದು. ಕಿತ್ತಳೆ ಛಾಯೆಯ ಈಜುರೆಕ್ಕೆ, ತಲೆಯ ಹಿಂದೆ ಏರಿದ ಬೆನ್ನು. ತೂಕ 50 ಕಿಲೋ ಮುಟ್ಟಿದ ಮೀನುಗಳ ದಾಖಲೆಗಳಿವೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ.

ಮಹಶೀರ್ ಕಡಿಮೆಯಾಗುತ್ತಿದೆ ಎಂದು ಗೊತ್ತಾದಾಗ ಮಾಡಿದ ಉಪಾಯ ಮರಿ ಬಿತ್ತನೆ. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಾಲಾದಲ್ಲಿ ಮಹಶೀರ್ ಮರಿಗಳನ್ನು ಯಶಸ್ವಿಯಾಗಿ ಉತ್ಪಾದಿಸಲಾಗುತ್ತಿತ್ತು. ಅವುಗಳನ್ನು ಹಲವು ನದಿಗಳಿಗೆ ಹಂಚಿದರು. ಕಾವೇರಿಗೂ ಬಂದವು. ಆದರೆ ಅವು ನೀಲಿ ರೆಕ್ಕೆಯ ಮಹಶೀರ್, ಕೃಷ್ಣಾ ಕೊಳ್ಳದ ಕಡೆಯ ಮೀನು. ಎರಡಕ್ಕೂ ಒಂದೇ ಹೆಸರು, ನೋಡಲು ದೂರದಿಂದ ಒಂದೇ ಥರ, ದೇಶವೂ ಒಂದೇ. ನದಿ ಮಾತ್ರ ಬೇರೆ.

ಏನಾಯಿತೆಂದು ತಿಳಿದದ್ದು ಹಿಡಿದು ಬಿಡುವ ಗಾಳದ ಶಿಬಿರಗಳ ದಿನಚರಿಯಿಂದ. 1998ರಿಂದ 2012ರವರೆಗೆ 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ದಾಖಲೆ. ಒಟ್ಟು ಮೀನಿನ ಸಂಖ್ಯೆ ಏರುತ್ತಾ ಹೋಗಿತ್ತು. ಅಷ್ಟನ್ನೇ ನೋಡಿದರೆ ಸಂರಕ್ಷಣೆ ಗೆದ್ದಿತು ಎನ್ನಬೇಕು. ಬೇರ್ಪಡಿಸಿ ನೋಡಿದಾಗ ಏರಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನವು ಅಪರೂಪವಾಗುತ್ತಾ, ಸಿಕ್ಕವು ದೊಡ್ಡ ಮುದಿಮೀನುಗಳಷ್ಟೇ ಆಗುತ್ತಾ ಬಂದಿದ್ದವು. ಮರಿಗಳು ಬರುವುದು ನಿಂತಿದೆ ಎಂಬುದರ ಗುರುತು ಅದು.

ಇನ್ನೊಂದು ಎಡವಟ್ಟು ಇದನ್ನು ಹೆಚ್ಚಿಸಿತು. ಶತಮಾನಕ್ಕೂ ಹೆಚ್ಚು ಕಾಲ ಬೇಟೆಗಾರರ ಮಾತಿನಲ್ಲಿ ಪ್ರಸಿದ್ಧವಾಗಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕಾವೇರಿ ಕೊಳ್ಳಕ್ಕೇ ಸೇರಿದ ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವಿವರಿಸಲಾಗಿದ್ದ ‘ಟಾರ್ ರೆಮದೇವಿ’ ಇದೇ ಎಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಘೋಷಿಸಿತು. ಹೆಸರಿಲ್ಲದ ಮೀನನ್ನು ಪಟ್ಟಿಗೆ ಸೇರಿಸಲಾಗದು, ಪಟ್ಟಿಯಲ್ಲಿಲ್ಲದ ಮೀನಿಗೆ ಯೋಜನೆ ಬಾರದು. ಆ ಅವಧಿಯಲ್ಲೆಲ್ಲ ಬಿತ್ತನೆ ನಡೆದೇ ಇತ್ತು.

ವಾದ, ಪ್ರತಿವಾದ

ಹೊರಗಿನ ಮೀನಿನ ಪರ ನಿಲ್ಲುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಜಗತ್ತಿನ ಮೀನು ಸಾಕಣೆಯಲ್ಲಿ ದೊಡ್ಡ ಪಾಲು ತವರಿನಾಚೆ ಬೆಳೆಯುವ ಗೆಂಡೆ, ತಿಲಾಪಿಯಾಗಳದ್ದು. ಬಡವರ ತಟ್ಟೆಗೆ ಅವುಗಳಷ್ಟು ಅಗ್ಗದ ಪ್ರೋಟೀನ್ ಬೇರೆ ಕಡಿಮೆ. ವಿಕ್ಟೋರಿಯಾದ ನೈಲ್ ಪರ್ಚ್ ಮೂರು ದೇಶಗಳಿಗೆ ರಫ್ತಿನ ಆದಾಯ ತಂದಿತು. ಜಲಾಶಯ ಎಂಬುದೇ ಮನುಷ್ಯ ಕಟ್ಟಿದ್ದು. ಹರಿಯುವ ನೀರಿನ ಮೀನುಗಳು ಅಲ್ಲಿ ಹೇಗೂ ಬಾಳವು, ನಿಂತ ನೀರಿಗೆ ಒಗ್ಗುವ ಮೀನು ಬಿಟ್ಟರೆ ತಪ್ಪೇನು ಎಂದು ಅವರು ಕೇಳುತ್ತಾರೆ.

ಎರಡನೆಯ ವಾದ ಇನ್ನೂ ಗಟ್ಟಿ. ಸ್ಥಳೀಯ ಮೀನುಗಳನ್ನು ಕೊಂದದ್ದು ಅಣೆಕಟ್ಟು, ಮಾಲಿನ್ಯ, ಮರಳುಗಾರಿಕೆ, ಸಿಡಿಮದ್ದಿನ ಮೀನುಗಾರಿಕೆ; ಖಾಲಿಯಾದ ಜಾಗಕ್ಕೆ ಹೊರಗಿನ ಮೀನು ಬಂದು ಕೂತಿತಷ್ಟೇ ಎಂಬುದು. ಅಂಕಿಅಂಶ ಇದಕ್ಕೆ ಸ್ವಲ್ಪ ಬೆಂಬಲ ಕೊಡುತ್ತದೆ. ಐಯುಸಿಎನ್ 2023ರಲ್ಲಿ ಕೊಟ್ಟ ಲೆಕ್ಕದಂತೆ ಪರಿಶೀಲಿಸಿದ ಸಿಹಿನೀರಿನ ಮೀನುಗಳಲ್ಲಿ ಕಾಲುಭಾಗ ಅಳಿವಿನ ಅಪಾಯದಲ್ಲಿವೆ. ಆ ಅಪಾಯದಲ್ಲಿರುವ ಪ್ರಭೇದಗಳ ಪೈಕಿ ಮಾಲಿನ್ಯದ ಪೆಟ್ಟು ಶೇ 57ಕ್ಕೆ, ಅಣೆಕಟ್ಟು ಮತ್ತು ನೀರೆತ್ತುವಿಕೆಯದು ಶೇ 45ಕ್ಕೆ, ಆಕ್ರಮಣಕಾರಿ ಜೀವಿಗಳು ಮತ್ತು ರೋಗದ್ದು ಶೇ 33ಕ್ಕೆ, ಅತಿಯಾದ ಮೀನುಗಾರಿಕೆಯದು ಶೇ 25ಕ್ಕೆ. ಒಂದೇ ಮೀನಿಗೆ ಹಲವು ಪೆಟ್ಟು ಬೀಳುವುದರಿಂದ ಮೊತ್ತ ನೂರು ದಾಟುತ್ತದೆ.

ಆದರೆ ಆ ಕೊನೆಯ ಮಾತಿನಲ್ಲೇ ಉತ್ತರವೂ ಇದೆ. ಕಾರಣಗಳು ಒಂದನ್ನೊಂದು ಬಲಪಡಿಸುತ್ತವೆ. ವಿಕ್ಟೋರಿಯಾದಲ್ಲಿ ಕೊಳಚೆ, ಗೊಬ್ಬರ ಸೇರಿ ನೀರು ಮಬ್ಬಾದಾಗ ಸಿಕ್ಲಿಡ್ ಹೆಣ್ಣುಗಳು ಬಣ್ಣ ನೋಡಿ ತಮ್ಮದೇ ಜಾತಿಯ ಗಂಡನ್ನು ಗುರುತಿಸಲಾರದೆ ಪ್ರಭೇದಗಳು ಬೆರೆತುಹೋದವು. ಅದೇ ಹೊತ್ತಿಗೆ ಪರ್ಚ್ ತಿನ್ನುತ್ತಿತ್ತು. ಸಣ್ಣ ಸಿಕ್ಲಿಡ್‌ಗಳನ್ನು ಬಿಸಿಲಿನಲ್ಲಿ ಒಣಗಿಸುತ್ತಿದ್ದರು, ಕೊಬ್ಬಿನ ಪರ್ಚ್ ಒಣಗಿಸಲು ಹೊಗೆ ಬೇಕು, ಹೊಗೆಗೆ ಸೌದೆ ಬೇಕು. ದಡದ ಮರ ಹೋಯಿತು, ಮಣ್ಣು ಕೊಚ್ಚಿ ಸರೋವರ ಸೇರಿತು, ನೀರು ಇನ್ನೂ ಮಬ್ಬಾಯಿತು. ಈಗಾಗಲೇ ಸೋತಿರುವ ನದಿಗೆ ಹೊಸ ಪ್ರತಿಸ್ಪರ್ಧಿಯನ್ನು ಬಿಡುವುದಕ್ಕೆ ‘ನದಿ ಹೇಗೂ ಸೋತಿದೆ’ ಎಂಬುದು ಸಮರ್ಥನೆಯಾಗದು.

‘ತಿಂದು ಮುಗಿಸೋಣ’ ಎಂಬ ಮೂರನೆಯ ದನಿಯೂ ಇದೆ. ಅಮೆರಿಕದ ಇಲಿನಾಯ್‌ನಲ್ಲಿ 2022ರಲ್ಲಿ ಆಕ್ರಮಣಕಾರಿ ಏಷ್ಯನ್ ಗೆಂಡೆಗಳಿಗೆ ‘ಕೋಪಿ’ ಎಂಬ ಹೊಸ ಹೆಸರಿಟ್ಟು ಮಾರುಕಟ್ಟೆಗೆ ತಂದರು. ಒತ್ತಡ ಕಡಿಮೆ ಮಾಡಲು ಇದು ಸಹಾಯಕ. ಆದರೆ ಬಲೆ ಹಿಡಿಯುವುದು ದೊಡ್ಡ ಮೀನನ್ನು. ದೊಡ್ಡವು ಹೋದರೆ ಮೇವು ಉಳಿದು ಬದುಕುವ ಮರಿಗಳ ಸಂಖ್ಯೆ ಏರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಬೇಡಿಕೆ ಹುಟ್ಟಿದ ಮೇಲೆ ಆ ಮೀನು ಇಲ್ಲದ ಕಡೆಗೂ ಅದನ್ನು ಒಯ್ದು ಬಿಡುವವರು ಹುಟ್ಟಿಕೊಳ್ಳುತ್ತಾರೆ.

ನಿಷೇಧ ಯಾಕೆ ನಿಲ್ಲುವುದಿಲ್ಲ?

ಭಾರತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲೇ ನಿಷೇಧಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಮತ್ತೆ ಚಾಟಿ ಬೀಸಿತು. ಆದರೂ ದಾಳಿಯ ಸುದ್ದಿ ನಿಂತಿಲ್ಲ. ಕಾರಣ ಆ ಮೀನಿನ ಮೈಯಲ್ಲೇ ಇದೆ. ಕಿವಿರಿನ ಮೇಲೆ ಇರುವ ಕವಲೊಡೆದ ಅಂಗದಿಂದ ಅದು ನೇರವಾಗಿ ಗಾಳಿ ಉಸಿರಾಡುತ್ತದೆ. ಆಮ್ಲಜನಕವೇ ಇಲ್ಲದ ಕೊಳಕು ಹೊಂಡದಲ್ಲಿ, ಕಿಕ್ಕಿರಿದ ಸ್ಥಿತಿಯಲ್ಲಿ, ಕಸಾಯಿಖಾನೆಯ ತ್ಯಾಜ್ಯ ತಿಂದು ಬೆಳೆಯುತ್ತದೆ. ಒದ್ದೆ ಗೋಣಿಯಲ್ಲಿ ಸಾಗಿಸಿದರೂ ಜೀವಂತ ಉಳಿಯುತ್ತದೆ. ಸಾಕುವವನಿಗೆ ಖರ್ಚು ಕಡಿಮೆ. ನಮ್ಮ ಮಾಗೂರ್ ಮೀನಿನ ಹೆಸರಿನಲ್ಲೇ ಮಾರಾಟವಾಗುವುದರಿಂದ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯದು. ಅರ್ಧ ಮೀಟರ್ ದಾಟಿದ, ಮೈಮೇಲೆ ಬೂದು ಚಿತ್ತಾರವಿರುವ ‘ಮಾಗೂರ್’ ಕಂಡರೆ ಸಂಶಯಪಡಬೇಕು. ಸ್ಥಳೀಯ ಮಾಗೂರ್ ಅಷ್ಟು ಬೆಳೆಯುವುದು ತೀರ ವಿರಳ.

ಮಳೆಯ ರಾತ್ರಿ ಇದು ಎದೆಯ ಈಜುರೆಕ್ಕೆಯ ಮುಳ್ಳನ್ನು ಊರಿ ನೆಲದ ಮೇಲೆ ತೆವಳಿಕೊಂಡು ಹೊಂಡದಿಂದ ಹೊಂಡಕ್ಕೆ ಹೋಗಬಲ್ಲದು. ಆದ್ದರಿಂದ ದಾಳಿಯಲ್ಲಿ ಹೊಂಡದ ನೀರನ್ನು ಕಾಲುವೆಗೆ ಹರಿಸಿಬಿಟ್ಟರೆ ನಿಷೇಧದ ಹೆಸರಿನಲ್ಲೇ ಮೀನು ನದಿ ಸೇರುತ್ತದೆ. ನೀರನ್ನು ಸಣ್ಣ ಕಣ್ಣಿನ ಜಾಲರಿಯ ಮೂಲಕ ಹೊರತೆಗೆಯಬೇಕು. ತಳದ ಕೆಸರನ್ನು ಒಣಗಿಸಿ ಸುಣ್ಣ ಹಾಕಬೇಕು. ಕೆಸರಿನಲ್ಲಿ ಹುದುಗಿದ ಮೀನು ಮೇಲೆ ಒಣಗಿದಂತೆ ಕಂಡರೂ ಬದುಕಿರುತ್ತದೆ.

ನೈಲ್ ತಿಲಾಪಿಯಾ ಸಾಕಲು ಭಾರತದಲ್ಲಿ ಷರತ್ತಿನ ಮೇಲೆ ಅನುಮತಿ ಇದೆ: ನೋಂದಾಯಿತ ಸಾಕಣೆ, ಗಂಡು ಮರಿಗಳು ಅಥವಾ ಬಂಜೆ ಮರಿಗಳು ಮಾತ್ರ. ಗಂಡು ಮರಿ ಪಡೆಯುವುದು ಹೀಗೆ: ಮೊಟ್ಟೆಯೊಡೆದ ಮರಿಗಳಿಗೆ ಮೂರು–ನಾಲ್ಕು ವಾರ, ಕಿಲೋ ಮೇವಿಗೆ ಸುಮಾರು 60 ಮಿಲಿಗ್ರಾಂ ಮೀಥೈಲ್ ಟೆಸ್ಟೋಸ್ಟೆರಾನ್ ಬೆರೆಸಿ ತಿನ್ನಿಸುತ್ತಾರೆ. ಸರಿಯಾಗಿ ಮಾಡಿದರೆ ಶೇ 95ಕ್ಕೂ ಹೆಚ್ಚು ಗಂಡು. ನೂರಕ್ಕೆ ನೂರಲ್ಲ. ಮೇವು ತಡವಾಗಿ ಶುರುವಾದರೆ, ಮರಿಗಳು ಹೊಂಡದ ಪಾಚಿಯನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡರೆ ಹೆಣ್ಣುಗಳ ಪ್ರಮಾಣ ಏರುತ್ತದೆ. ಹತ್ತು ಸಾವಿರದಲ್ಲಿ ಶೇ 3 ಉಳಿದರೂ ಮುನ್ನೂರು ಹೆಣ್ಣು. ಅಮೆರಿಕದಲ್ಲಿ ಹುಲ್ಲು ಗೆಂಡೆಗೆ ಬೇರೆ ವಿಧಾನವಿದೆ. ಫಲಿತ ಮೊಟ್ಟೆಗಳಿಗೆ ತೀವ್ರ ಒತ್ತಡ ಕೊಟ್ಟು ಎರಡರ ಬದಲು ಮೂರು ಕಟ್ಟು ವರ್ಣತಂತುಗಳಿರುವ ಬಂಜೆ ಮರಿ ಪಡೆದು, ಪ್ರತಿ ಮೀನಿನ ರಕ್ತ ಪರೀಕ್ಷಿಸಿ ಆಮೇಲೆ ಮಾರುತ್ತಾರೆ. ಪ್ರತಿ ಮೀನನ್ನೂ ಪರೀಕ್ಷಿಸುವ ಆ ಹೆಜ್ಜೆಯೇ ಅದರ ಬಲ. ಅದಿಲ್ಲದ ಕಡೆ ‘ಬಂಜೆ ಮರಿ’ ಎಂಬ ಚೀಟಿಗೆ ಬೆಲೆಯಿಲ್ಲ.

ತೆಗೆಯಲು ಹೊರಟರೆ

ನೆಲೆಯೂರಿದ ಮೀನನ್ನು ದೊಡ್ಡ ನದಿಯಿಂದ ಪೂರ್ತಿ ತೆಗೆದ ನಿದರ್ಶನ ಸಿಗುವುದು ಬಹಳ ಕಷ್ಟ. ಸಣ್ಣ, ಸುತ್ತುವರಿದ ನೀರಿನಲ್ಲಿ ಸಾಧ್ಯ. ದಕ್ಷಿಣ ಆಫ್ರಿಕಾದ ರಾಂಡೆಗಾಟ್ ನದಿಯಲ್ಲಿ ಒಂದು ತಡೆಗೋಡೆಯ ಮೇಲಿನ ಸುಮಾರು ನಾಲ್ಕು ಕಿಲೋಮೀಟರ್‌ನಲ್ಲಿ 2012 ಮತ್ತು 2013ರಲ್ಲಿ ರೋಟೆನೋನ್ ಹಾಕಿ ಹೊರಗಿನ ಬಾಸ್ ಮೀನನ್ನು ತೆಗೆದರು. ಕೆಳಗಿನಿಂದ ಮತ್ತೆ ಹತ್ತಿ ಬಾರದಂತೆ ಗೋಡೆ ತಡೆಯಿತು, ಮೇಲ್ಭಾಗದಲ್ಲಿ ಉಳಿದಿದ್ದ ಸ್ಥಳೀಯ ಮೀನುಗಳು ತಾವಾಗಿ ಇಳಿದು ಬಂದವು. ರೋಟೆನೋನ್ ಕೆಲವು ಗಿಡಗಳ ಬೇರಿನ ವಿಷ. ಲೀಟರಿಗೆ 25ರಿಂದ 200 ಮೈಕ್ರೋಗ್ರಾಂ ಸಾಕು, ಕಿವಿರಿನ ಮೂಲಕ ಸೇರಿ ಜೀವಕೋಶದ ಉಸಿರಾಟ ನಿಲ್ಲಿಸುತ್ತದೆ. ಕೆಳಗಡೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ಅದರ ಶಕ್ತಿ ಕಳೆಯುತ್ತಾರೆ. ಇದು ಯಾವ ಮೀನನ್ನೂ ಬಿಡುವುದಿಲ್ಲ, ಹಾಗಾಗಿ ಸ್ಥಳೀಯ ಮೀನುಗಳನ್ನು ಮೊದಲೇ ಹಿಡಿದು ಬೇರೆಡೆ ಇಡಬೇಕು. ತಳದಿಂದ ಒರತೆ ಉಕ್ಕುವ ಕಡೆ ವಿಷ ತೆಳುವಾಗಿ ಕೆಲವು ಮೀನು ಉಳಿದುಬಿಡುವುದು ಇದರ ಸಾಮಾನ್ಯ ಸೋಲು.

ತಾಸ್ಮೇನಿಯಾದ ಕ್ರೆಸೆಂಟ್ ಸರೋವರದಲ್ಲಿ 1995ರಲ್ಲಿ ಗೆಂಡೆ ಪತ್ತೆಯಾದಾಗ ವಿಷ ಹಾಕದೆ ತಾಳ್ಮೆಯ ದಾರಿ ಹಿಡಿದರು. ಹೊರಹರಿವಿಗೆ ಜಾಲರಿ, ಜೌಗು ದಡಗಳಿಗೆ ತಡೆಬಲೆ. ಕೆಲವು ಗಂಡು ಗೆಂಡೆಗಳ ಮೈಗೆ ರೇಡಿಯೊ ಟ್ರಾನ್ಸ್‌ಮಿಟರ್ ಜೋಡಿಸಿ ಮರಳಿ ಬಿಟ್ಟರು. ಮೊಟ್ಟೆಯಿಡುವ ಕಾಲಕ್ಕೆ ಅವು ಗುಂಪು ಸೇರಿದ ಜಾಗವನ್ನು ಆ ಸಂಕೇತವೇ ತೋರಿಸಿತು, ಅಲ್ಲಿ ಬಲೆ ಬಿತ್ತು. ಸುಮಾರು 7,800 ಮೀನು ತೆಗೆಯಲು 12 ವರ್ಷ ಹಿಡಿಯಿತು. ಪಕ್ಕದ ಸೋರೆಲ್ ಸರೋವರದಲ್ಲಿ 2009ರ ಒಂದು ಮೊಟ್ಟೆಯಿಡುವ ಕಾಲ ಕೈತಪ್ಪಿ ಕೆಲಸ ವರ್ಷಾನುಗಟ್ಟಲೆ ಲಂಬಿಸಿತು. ಆಸ್ಟ್ರೇಲಿಯಾ ಮುಖ್ಯಭೂಮಿಯಲ್ಲಿ ಗೆಂಡೆಗಷ್ಟೇ ತಗಲುವ ಹರ್ಪಿಸ್ ವೈರಸ್ ಬಿಡುವ ಯೋಚನೆಯನ್ನು 2016ರಲ್ಲಿ ಪ್ರಕಟಿಸಿದರೂ, ಒಮ್ಮೆಗೇ ಸಾಯುವ ರಾಶಿ ಮೀನು ಕೊಳೆತು ನೀರಿನ ಆಮ್ಲಜನಕವನ್ನೆಲ್ಲ ಹೀರೀತು ಎಂಬ ಆತಂಕ ಯೋಜನೆಯನ್ನು ಬಿಟ್ಟಿಲ್ಲ.

ಬಿಡುವ ಮೊದಲು, ಸಿಕ್ಕ ಮೇಲೆ

ಜೀವವೈವಿಧ್ಯದ ಕುನ್ಮಿಂಗ್–ಮಾಂಟ್ರಿಯಲ್ ಒಪ್ಪಂದದಲ್ಲಿ 2022ರ ಡಿಸೆಂಬರ್‌ನಲ್ಲಿ ದೇಶಗಳು ಆಕ್ರಮಣಕಾರಿ ಜೀವಿಗಳ ಹೊಸ ಪ್ರವೇಶವನ್ನು 2030ರೊಳಗೆ ಅರ್ಧಕ್ಕಿಳಿಸಲು ಒಪ್ಪಿವೆ. ಮೀನಿನ ಮಟ್ಟಿಗೆ ಇದು ನಿಂತಿರುವುದು ಮರಿ ಬಿತ್ತನೆಯ ಲೆಕ್ಕವನ್ನು ಬದಲಿಸುವುದರ ಮೇಲೆ. ಎಷ್ಟು ಲಕ್ಷ ಮರಿ ಬಿಟ್ಟರು ಎಂಬ ಸಂಖ್ಯೆಯೊಂದೇ ಸುದ್ದಿಯಾದರೆ ಪ್ರಯೋಜನವಿಲ್ಲ. ಯಾವ ಪ್ರಭೇದ, ಮರಿಯ ತಾಯಿ–ತಂದೆ ಯಾವ ನದಿಯವು, ರೋಗ ಪರೀಕ್ಷೆ ಆಯಿತೇ, ಮರಿಚೀಲಗಳಲ್ಲಿ ಬೇರೆ ಜಾತಿ ಬೆರೆತಿಲ್ಲವೆಂದು ನೋಡಿದರೇ ಎಂಬುದು ದಾಖಲಾಗಬೇಕು. ಕೊನೆಯದಕ್ಕೆ ದೊಡ್ಡ ಯಂತ್ರ ಬೇಡ. ಪ್ರತಿ ಸರಕಿನಿಂದ ಕೆಲವು ಚೀಲಗಳನ್ನು ಬಿಳಿ ತಟ್ಟೆಗೆ ಸುರಿದು ಮೀಸೆ, ಬಾಯಿ, ರೆಕ್ಕೆ ನೋಡುವ ಕಣ್ಣು ಸಾಕು. ಟಾಪ್‌ಮೌತ್ ಗಜನ್ ಯುರೋಪಿಗೆ ಬಂದದ್ದು ಆ ತಟ್ಟೆ ಇಲ್ಲದ್ದರಿಂದ. ಸಾಕಣೆ ಹೊಂಡದ ಏರಿ ಹಿಂದಿನ ಅತಿ ದೊಡ್ಡ ನೆರೆಯ ಮಟ್ಟಕ್ಕಿಂತ ಎತ್ತರವಿರಬೇಕು. ತೂಬಿಗೂ ಕೋಡಿಗೂ ಹಾಕುವ ಜಾಲರಿಯ ಕಣ್ಣು ಅಲ್ಲಿರುವ ಅತಿ ಸಣ್ಣ ಮರಿಯ ತಲೆಗಿಂತ ಕಿರಿದಾಗಿರಬೇಕು. ದೊಡ್ಡ ಮೀನಿಗೆಂದು ಹಾಕಿದ ಜಾಲರಿಯಲ್ಲಿ ಒಂದೂವರೆ ಮಿಲಿಮೀಟರಿನ ಗೆಂಡೆ ಮೊಟ್ಟೆ ಸಲೀಸಾಗಿ ದಾಟುತ್ತದೆ. ಎಲೆ ಕಸ ಕಟ್ಟಿಕೊಂಡರೆ ನೀರು ಏರಿಯನ್ನೇ ಹತ್ತುತ್ತದೆ, ಹಾಗಾಗಿ ಒಂದರ ಹಿಂದೆ ಒಂದರಂತೆ ದೊಡ್ಡ ಕಣ್ಣು, ಸಣ್ಣ ಕಣ್ಣಿನ ಎರಡು ಜಾಲರಿ ಹಾಕಿ ಮಳೆಯಲ್ಲಿ ಪ್ರತಿದಿನ ತೊಳೆಯಬೇಕು.

ಅಕ್ವೇರಿಯಂ ಮೀನು ಬೇಡವೆನಿಸಿದರೆ ಕೊಂಡಲ್ಲಿಗೇ ಮರಳಿಸಬೇಕು. ತೊಟ್ಟಿಯ ನೀರನ್ನೂ ಚರಂಡಿ, ಕೆರೆಗೆ ಸುರಿಯಬಾರದು. ಅದರಲ್ಲಿ ಮೊಟ್ಟೆಯೋ ಪರೋಪಜೀವಿಯೋ ಇರಬಹುದು. ಗಿಡದ ಬುಡಕ್ಕೆ ಹಾಕಿದರೆ ಸಾಕು.

ಹೊಸ ಮೀನು ಬಂದ ಮೊದಲ ಒಂದೆರಡು ವರ್ಷ ಅದರ ಸಂಖ್ಯೆ ಕಡಿಮೆ ಇರುವಾಗಲೇ ತಿಳಿದರೆ ತೆಗೆಯುವ ಅವಕಾಶ ಇರುತ್ತದೆ. ಈಗ ಒಂದೆರಡು ಲೀಟರ್ ನೀರು ಸೋಸಿ ಅದರಲ್ಲಿ ಉದುರಿದ ಡಿಎನ್‌ಎ ಹುಡುಕಿ ಮೀನನ್ನು ಕಾಣದೆಯೇ ಗುರುತಿಸುವ ವಿಧಾನವಿದೆ. ಅದಕ್ಕಿಂತ ಮೊದಲು ತಿಳಿಯುವುದು ಬಲೆ ಎಳೆಯುವವರಿಗೆ. ಅಪರಿಚಿತ ಮೀನು ಸಿಕ್ಕರೆ ಅದನ್ನು ನೀರಿಗೆ ಮರಳಿ ಬಿಡಬಾರದು. ರೆಕ್ಕೆಗಳನ್ನು ಬಿಡಿಸಿಟ್ಟು, ಪಕ್ಕದಲ್ಲಿ ಅಳತೆಗೆ ಒಂದು ಪಟ್ಟಿ ಇಟ್ಟು, ಪೂರ್ತಿ ಪಕ್ಕನೋಟದ ಮತ್ತು ಬಾಯಿಯ ಕೆಳಗಿನ ಚಿತ್ರ ತೆಗೆಯಬೇಕು. ಜಾಗ, ದಿನ, ಬಲೆಯ ಕಣ್ಣಿನ ಅಳತೆ ಬರೆದು, ಮೀನನ್ನು ಐಸಿನಲ್ಲಿಟ್ಟು ಮೀನುಗಾರಿಕೆ ಇಲಾಖೆಗೋ ಹತ್ತಿರದ ಮೀನುಗಾರಿಕಾ ಕಾಲೇಜಿಗೋ ಮುಟ್ಟಿಸಬೇಕು. ಐಸ್ ಇಲ್ಲದಿದ್ದರೆ ಬೆರಳಗಲ ರೆಕ್ಕೆಯ ತುಂಡೊಂದನ್ನು ಸ್ಪಿರಿಟ್‌ನಲ್ಲಿ ಹಾಕಿಟ್ಟರೂ ಯಾವ ಮೀನೆಂದು ಹೇಳಬಹುದು.